ಹೆಸರು ಮಾಡಲು ಹೋಗಿ ಹೆಸರಿಟ್ಟದ್ದು

ಹೆಸರು ಮಾಡುವುದು ಬೇರೆ, ಹೆಸರು ಇಡುವುದು ಬೇರೆ. ಎರಡರ ನಡುವೆ ಇರುವುದು ಒಂದೇ ಒಂದು ಕ್ರಿಯಾಪದದ ಅಂತರ ಎಂದು ವ್ಯಾಕರಣದವರು ಹೇಳಬಹುದು. ಆ ಅಂತರದೊಳಗೆ ನನ್ನ ಇಡೀ ವೃತ್ತಿಜೀವನ ಬಿದ್ದುಹೋಗಿದೆ. ಜೀವರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ, ಸ್ವೀಡನ್ನಿಗೆ ಹೋಗಿ ಮೂರು ಚಳಿಗಾಲ ನಡುಗಿ, ಕಿಣ್ವಗಳ ಹಿಂದೆ ಅಲೆದು ತಲೆಗೂದಲು ಬೆಳ್ಳಗೆ ಮಾಡಿಕೊಂಡು, ಒಂದಲ್ಲ ಒಂದು ದಿನ ಹೆಸರು ಮಾಡಿಯೇ ಮಾಡುತ್ತೇನೆ ಎಂದುಕೊಂಡಿದ್ದವಳು ನಾನು. ಈಗ ಬಾಳ್ಳುಪೇಟೆಯಲ್ಲಿ ಬಸ್ಸಿಳಿದು ಯಾರನ್ನಾದರೂ ಕೇಳಿ ನೋಡಿ. "ಸಾಕಮ್ಮ ಮೇಡಮ್ಮಾರಾ? ಮಕ್ಕಳಿಗೆ ಹೆಸರು ಇಟ್ಕೊಡ್ತಾರಲ್ಲ, ಅವ್ರು ತಾನೆ?" ಎನ್ನುತ್ತಾರೆ. ಅದಕ್ಕೂ ಮೊದಲು ಇದಕ್ಕಿಂತ ಕಡೆಯಾಗಿತ್ತು. ಬಯೋಕೆಮಿಸ್ಟ್ ಎಂದರೆ ಶುಗರ್ ನೋಡುವವಳು ಎಂದು ತಿಳಿದು, ಮದುವೆ ಮನೆಗಳಲ್ಲಿ ಊಟದ ಪಂಕ್ತಿಯಲ್ಲೇ ನನ್ನ ಮುಂದೆ ಕೈ ಚಾಚುತ್ತಿದ್ದರು. ನಾನು ಅಂಥ ಡಾಕ್ಟರಲ್ಲ ಎಂದರೆ, "ಹಂಗಾದ್ರೆ ಎಂಥ ಡಾಕ್ಟ್ರು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋಳಿಗೆಯ ಕಡೆ ತಿರುಗುತ್ತಿದ್ದರು. ನಾನೂ ಹೋಳಿಗೆಯ ಕಡೆಗೇ ತಿರುಗುತ್ತಿದ್ದೆ.

ನನ್ನ ಹೆಸರಿನ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ತಂದೆತಾಯಿಗೆ ನಾನು ಮೂರನೆಯ ಹೆಣ್ಣು. ಮೊದಲನೆಯವಳು ಹುಟ್ಟಿದಾಗ ಗೌರಿ ಬಂದಳೆಂದರು, ಎರಡನೆಯವಳು ಹುಟ್ಟಿದಾಗ ಲಕ್ಷ್ಮಿ ಬಂದಳೆಂದರು. ನಾನು ಹುಟ್ಟಿದಾಗ ಯಾರೂ ಬಂದಂತೆ ಕಾಣಲಿಲ್ಲ. ನಮ್ಮಜ್ಜಿ ಕೋಣೆಯ ಬಾಗಿಲಲ್ಲೇ ನಿಂತು, "ಸಾಕಮ್ಮ ಅಂತ ಮಡಗ್ರಿ, ದೇವ್ರಿಗೆ ಅರ್ತ ಆಗ್ಲಿ" ಎಂದಳಂತೆ. ದೇವರಿಗೆ ಅರ್ಥವಾಯಿತು. ಮುಂದಿನದು ಗಂಡಾಯಿತು. ಅವನಿಗೆ ಯಶವಂತ ಎಂದು ಹೆಸರಿಟ್ಟರು. ಅಲ್ಲಿಗೆ ನನ್ನ ಹೆಸರಿನ ಕೆಲಸ ಮುಗಿಯಿತು, ಆದರೆ ಹೆಸರು ನನ್ನ ಮೈಮೇಲೆಯೇ ಉಳಿಯಿತು. ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗುವಾಗ "ಸಾಕಮ್ಮ" ಎಂದರೆ ಹಿಂದಿನ ಸಾಲಿನ ಹುಡುಗರು "ಬೇಕಮ್ಮ" ಎನ್ನುತ್ತಿದ್ದರು. ನಾನು ಓದಿದ್ದರ ಹಿಂದೆ ಜ್ಞಾನದ ಹಸಿವು ಎಷ್ಟಿತ್ತೋ ಗೊತ್ತಿಲ್ಲ. ಹೆಸರಿನ ಮುಂದೆ ಏನಾದರೂ ಸೇರಿಸಿಕೊಂಡು ಅದರ ತೂಕ ಬದಲಿಸಬೇಕೆಂಬ ಹಟವಂತೂ ಧಾರಾಳವಾಗಿತ್ತು. ಕೊನೆಗೂ ಅದರ ಮುಂದೆ 'ಡಾ.' ಸೇರಿಸಿದೆ. ನಮ್ಮಜ್ಜಿ ಬದುಕಿದ್ದರೆ, "ಡಾಕ್ಟ್ರು ಸಾಕು" ಎಂದು ಓದಿಕೊಳ್ಳುತ್ತಿದ್ದಳು.

ಸ್ವೀಡನ್ನಿನಲ್ಲಿ ನಾನಿದ್ದ ಪ್ರಯೋಗಾಲಯದಲ್ಲಿ ದಿನಕ್ಕೆರಡು ಬಾರಿ ಎಲ್ಲರೂ ಕೆಲಸ ಬಿಟ್ಟು ಒಟ್ಟಿಗೆ ಕೂತು ಕಾಫಿ ಕುಡಿಯುತ್ತಿದ್ದರು. ಅದಕ್ಕೆ ಫೀಕಾ ಎಂದು ಹೆಸರು. ಹಿಂದಿನ ಕಾಲದಲ್ಲಿ ಕಾಫಿ ಎಂಬುದನ್ನೇ ಯಾರೋ ತಿರುಗಾಮುರುಗಾ ಮಾಡಿ ಫೀಕಾ ಮಾಡಿದರಂತೆ. ನಾವು ಶಾಲೆಯಲ್ಲಿ ಆಡುತ್ತಿದ್ದ ಕಳ್ಳಭಾಷೆ ಇದೇ ಅಲ್ಲವೇ ಎಂದು ನನಗೆ ಬಹಳ ಸಂತೋಷವಾಗಿತ್ತು. ಕಾಫಿ ಮಾತ್ರ ನಮ್ಮೂರಿನವರು ಕಂಡರೆ ಹಸುವಿಗೂ ಕೊಡಬೇಡಿ ಎನ್ನುವಷ್ಟು ನೀರಾಗಿತ್ತು. ಆ ನೀರಿನ ಜೊತೆಗೆ ನಾನು ಕಲಿತದ್ದು ಹೆಸರುಗಳ ಅರ್ಥ. ನಮ್ಮ ಪ್ರೊಫೆಸರು ಸ್ಟೇನ್, ಅಂದರೆ ಕಲ್ಲು. ಪಕ್ಕದ ಮೇಜಿನವನು ಬಿಯೋರ್ನ್, ಅಂದರೆ ಕರಡಿ. ಯಂತ್ರ ರಿಪೇರಿಗೆ ಬರುತ್ತಿದ್ದವನು ಉಲ್ಫ್, ಅಂದರೆ ತೋಳ. ಕಲ್ಲೇಗೌಡ, ಹುಲಿಯಪ್ಪ, ಬೆಟ್ಟಯ್ಯನವರ ನಡುವೆ ಬೆಳೆದ ನನಗೆ ಇದೆಲ್ಲ ಮನೆಗೆ ಬಂದಷ್ಟೇ ಸಲೀಸಾಗಿತ್ತು. ನನ್ನ ಜೊತೆಗೇ ಕೆಲಸ ಮಾಡುತ್ತಿದ್ದ ಗೆಳತಿ ಡೀಸಾ, ಅಂದರೆ ದೇವತೆ. ಅವಳೇ ಒಂದು ದಿನ ನನ್ನ ಹೆಸರಿನ ಅರ್ಥ ಕೇಳಿದಳು. ಕರಡಿ, ತೋಳ, ದೇವತೆ ಎಲ್ಲರೂ ಬಟ್ಟಲು ಹಿಡಿದು ನನ್ನ ಮುಖ ನೋಡುತ್ತಿದ್ದರು. ಅಜ್ಜಿ ಬಾಗಿಲಲ್ಲಿ ನಿಂತು ಹೇಳಿದ್ದನ್ನು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. "ಸಾಕು ಎಂದರೆ ಪೊರೆಯುವವಳು, ಬೆಳೆಸುವವಳು" ಎಂದುಬಿಟ್ಟೆ. ಸುಳ್ಳೇನೂ ಅಲ್ಲವಲ್ಲ. ದನ ಸಾಕುತ್ತೇವೆ, ಕೋಳಿ ಸಾಕುತ್ತೇವೆ, ಮಕ್ಕಳನ್ನು ಸಾಕುತ್ತೇವೆ. ನಾನಂತೂ ಆಗ ಗಾಜಿನ ತಟ್ಟೆಗಳಲ್ಲಿ ಕಣ್ಣಿಗೆ ಕಾಣದ ಜೀವಿಗಳನ್ನು ಹಗಲಿರುಳು ಸಾಕುತ್ತಿದ್ದೆ. "ಎಷ್ಟು ಒಪ್ಪುತ್ತದೆ!" ಎಂದಳು ಡೀಸಾ. ಅಂದಿನಿಂದ ಅಲ್ಲಿ ನಾನು ಸಾಕೂ. ಮೇಡಂ ಇಲ್ಲ, ಅಮ್ಮ ಇಲ್ಲ. ಪ್ರಯೋಗಾಲಯದ ಬಾಗಿಲ ಮೇಲೆ ಕಲ್ಲು, ಕರಡಿ, ದೇವತೆಯರ ಜೊತೆ ನನ್ನ ಹೆಸರನ್ನೂ ಅಂಟಿಸಿದ್ದರು. ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ ನಾನು ಅದನ್ನು ಒಮ್ಮೆ ಓದಿಕೊಂಡೇ ಒಳಗೆ ಹೋಗುತ್ತಿದ್ದೆ.

ವಾಪಸು ಬಂದೆ. ಅಲ್ಲಿನ ಕೆಲಸದ ಅವಧಿ ಮುಗಿದಿತ್ತು, ಇಲ್ಲಿ ಕೆ. ಹೊಸಕೋಟೆಯ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದ ನಮ್ಮವರು ಮೂರು ವರ್ಷ ಒಬ್ಬರೇ ಅನ್ನ ಬೇಯಿಸಿಕೊಂಡು ಬೇಜಾರಾಗಿದ್ದರು. ಮಗ ಹುಟ್ಟಿ ಸ್ವಲ್ಪ ದೊಡ್ಡವನಾದ ಮೇಲೆ, ಬಾಳ್ಳುಪೇಟೆಯ ಹೆದ್ದಾರಿ ಪಕ್ಕದ ಕಾಫಿ ಕಂಪನಿಯ ಮಾಲೀಕರು ಶಿವಲಿಂಗಪ್ಪನವರು ಕರೆದು ತಮ್ಮ ಪ್ರಯೋಗಾಲಯದಲ್ಲಿ ಕೆಲಸ ಕೊಟ್ಟರು. "ಸದ್ಯಕ್ಕೆ ಪ್ರಭಾರಿ ಅಂತ ಇರ್ಲಿ ಮೇಡಂ, ಮುಂದೆ ಪರ್ಮನೆಂಟಾಗಿ ಮುಖ್ಯಸ್ಥರ್ನ ಮಾಡಾನ" ಎಂದರು. 'ಸದ್ಯಕ್ಕೆ' ಎಂಬ ಪದ ಕನ್ನಡದಲ್ಲಿ ಎಷ್ಟು ಉದ್ದವಿದೆ ಎಂಬುದು ನನಗೆ ಆಗ ತಿಳಿದಿರಲಿಲ್ಲ. ನನ್ನ ಮಗ ಅಂಗನವಾಡಿಯಲ್ಲಿದ್ದಾಗ ಶುರುವಾದ ಸದ್ಯ, ಅವನು ಡಿಗ್ರಿ ಮುಗಿಸಿದರೂ ಮುಗಿದಿರಲಿಲ್ಲ. ಪ್ರಯೋಗಾಲಯವೆಂದರೆ ಗೋದಾಮಿನ ಹಿಂದಿನ ಒಂದು ಕೋಣೆ, ಒಂದು ಹಳೆಯ ಸೂಕ್ಷ್ಮದರ್ಶಕ, ಒಂದು ಫ್ರಿಜ್. ಫ್ರಿಜ್ಜಿನ ಮೇಲಿನ ಅಂತಸ್ತು ನನ್ನದು, ಕೆಳಗಿನದು ಆಫೀಸಿನವರ ಮೊಸರನ್ನದ್ದು. ಒಮ್ಮೆ ಕರೆಂಟು ಹೋಗಿ ಬಂದಾಗ ಯಾರೋ ಪುಣ್ಯಾತ್ಮರು ನನ್ನ ಒಂದು ತಿಂಗಳ ಕೆಲಸವನ್ನು ಹಾಳಾದ ಮಜ್ಜಿಗೆ ಎಂದು ತಿಳಿದು ಕರಿಬೇವಿನ ಗಿಡದ ಬುಡಕ್ಕೆ ಸುರಿದಿದ್ದರು. ಗಿಡ ಚೆನ್ನಾಗಿಯೇ ಬಂತು.

ಅಲ್ಲಿ ನಾನು ಮಾಡುತ್ತಿದ್ದುದು ಏನೆಂದು ಸರಳವಾಗಿ ಹೇಳುತ್ತೇನೆ, ಏಕೆಂದರೆ ಇದನ್ನು ಇಷ್ಟು ವರ್ಷಗಳಲ್ಲಿ ಯಾರೂ ಕೇಳಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ಮೇಲೆ ಬೀಜದ ಮೇಲೆ ಜಾರುವ ಲೋಳೆ ಉಳಿಯುತ್ತದೆ. ತೊಟ್ಟಿಯಲ್ಲಿ ಹುಳಿ ಬರಿಸಿ, ಆಮೇಲೆ ನೀರು ಹಾಯಿಸಿ ಅದನ್ನು ತೊಳೆಯಬೇಕು. ಬೇಗ ತೊಳೆದರೆ ಲೋಳೆ ಬಿಡುವುದಿಲ್ಲ, ತಡಮಾಡಿದರೆ ಕಾಫಿಯ ರುಚಿಯೇ ಕೆಡುತ್ತದೆ. ಆಲೂರು ಕಡೆಯ ಒಂದು ಗುಡ್ಡದ ತೋಟದ ಹಣ್ಣಿನ ಮೇಲೆ ನನಗೊಂದು ಯೀಸ್ಟ್ ಸಿಕ್ಕಿತು. ಅದು ಬಿಡುವ ಕಿಣ್ವ ಆ ಲೋಳೆಯನ್ನು ಅರ್ಧ ಹೊತ್ತಿನಲ್ಲಿ ಕರಗಿಸುತ್ತದೆ, ನೀರೂ ಕಡಿಮೆ ಸಾಕು, ರುಚಿಯೂ ಕೆಡುವುದಿಲ್ಲ. ಅದನ್ನು ಹಿಡಿದು, ಬೇರೆ ಮಾಡಿ, ಸಾಕಿ, ಒಣಪುಡಿ ಮಾಡಿದರೂ ಸಾಯದಂತೆ ಕಲಿಸುವಷ್ಟರಲ್ಲಿ ನನಗೆ ಕನ್ನಡಕದ ನಂಬರು ಮೂರು ಬಾರಿ ಬದಲಾಗಿತ್ತು. ನಾನು ಅದಕ್ಕೆ ಗುಟ್ಟಾಗಿ ಒಂದು ಹೆಸರಿಟ್ಟಿದ್ದೆ. ಲೀವ್. ಡೀಸಾಳ ಮಗಳ ಹೆಸರು ಅದು. ಅವರ ಭಾಷೆಯಲ್ಲಿ ಲೀವ್ ಎಂದರೆ ಜೀವ. ನನಗೆ ಹೆಣ್ಣುಮಗು ಆಗಿದ್ದರೆ ಅದೇ ಹೆಸರಿಡುತ್ತಿದ್ದೆ. ಆಗಲಿಲ್ಲ. ಫ್ರಿಜ್ಜಿನ ಮೇಲಿನ ಅಂತಸ್ತಿನ ಗಾಜಿನ ಕೊಳವೆಗಳ ಮೇಲೆ ಬರೆದುಕೊಂಡೆ.

ಇನ್ನು ಈ ಮಕ್ಕಳ ಹೆಸರಿನ ರಗಳೆ ಶುರುವಾದದ್ದು ಹೇಗೆಂದರೆ, ನಮ್ಮಲ್ಲಿ ಮಗು ಹುಟ್ಟಿದ ನಕ್ಷತ್ರ ನೋಡಿ ಪಂಚಾಂಗದಲ್ಲಿ ಹೆಸರಿನ ಮೊದಲ ಅಕ್ಷರ ತೆಗೆಯುತ್ತಾರೆ. ಸ, ಮ, ನ ಬಂದವರು ಪುಣ್ಯವಂತರು. ಪಂಚಾಂಗ ಬರೆದ ಮಹಾನುಭಾವರು ಡಿ, ಡು, ಟು, ಟೊ ಎಂಬ ಅಕ್ಷರಗಳನ್ನೂ ಹಂಚಿಬಿಟ್ಟಿದ್ದಾರೆ. ಆ ಅಕ್ಷರಗಳಲ್ಲಿ ಕನ್ನಡದಲ್ಲಿ ಡುಬ್ಬ, ಟೊಣಪ ಮುಂತಾದವು ಸಿಗುತ್ತವೆಯೇ ಹೊರತು ಮಗುವಿಗಿಡುವ ಹೆಸರು ಸಿಗುವುದಿಲ್ಲ. ಪಕ್ಕದ ಮನೆಯ ಗೌರಮ್ಮನ ಮೊಮ್ಮಗಳಿಗೆ ಡಿ ಬಂತು. ಗೌರಮ್ಮ ಜಗಲಿಯ ಮೇಲೆ ಕೂತು ಗೋಳಾಡಿದಳು. "ಅಯ್ನೋರು ಡಿ ಅಂದ್ಬುಟ್ರು ಕಣವ್ವ. ಡಿ ಅಂತ ಎಲ್ಲಿಂದ ತರಾನ? ಡಿಂಡಿ ಅಂತ ಮಡಗ್ಲಾ?" ನನ್ನ ಬಾಯಿ ಸುಮ್ಮನಿರಲಿಲ್ಲ. "ಡೀಸಾ ಅಂತ ಇಡಿ, ದೇವತೆ ಅಂತ ಅರ್ಥ" ಎಂದೆ. ಗೌರಮ್ಮ ಅದನ್ನು ನಾಲ್ಕು ಸಲ ಬಾಯಲ್ಲಿ ಹೊರಳಿಸಿ ನೋಡಿ, "ಫಾರಿನ್ನಿಂದ ತಂದಿದ್ದು ಅಂದ್ಮೇಲೆ ಚೆನ್ನಾಗೇ ಇರ್ತದೆ" ಎಂದಳು. ಇಟ್ಟರು. ಈಗ ಆ ಮಗುವನ್ನು ಊರೆಲ್ಲ ಡೀಸೆಲ್ ಎಂದು ಕರೆಯುತ್ತದೆ. ಲಾರಿಗಳು ಓಡಾಡುವ ಹೆದ್ದಾರಿಯ ಪಕ್ಕ ದೇವತೆಗೆ ಇಷ್ಟು ಮರ್ಯಾದೆ ಸಿಕ್ಕಿದ್ದೇ ಹೆಚ್ಚು.

ಅಲ್ಲಿಂದ ಭಾನುವಾರ ಭಾನುವಾರ ನಮ್ಮ ಜಗಲಿ ತುಂಬತೊಡಗಿತು. ಪಂಚಾಂಗ ಕೈಬಿಟ್ಟವರೆಲ್ಲ ನನ್ನ ಬಳಿ. ಟು ಬಂದವರಿಗೆ ಟೂವಾ ಕೊಟ್ಟೆ. ಹುಲ್ಲು ಬೆಳೆದ ದಿಣ್ಣೆ ಎಂದು ಅರ್ಥ ಹೇಳಿದಾಗ ಮಗುವಿನ ಅಜ್ಜಿ, "ಬೆಟ್ಟಮ್ಮ ಅಂದಂಗಾಯ್ತು ಬುಡಿ, ನಮ್ಮತ್ತೆ ಹೆಸ್ರೇ" ಎಂದು ಕಣ್ಣೊರೆಸಿಕೊಂಡಳು. ಹಾನುಬಾಳು ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರೊಬ್ಬರು ಜೀಪಿನಲ್ಲಿ ಬಂದು ಮೊಮ್ಮಗನಿಗೆ ಡ ಅಕ್ಷರ ಎಂದರು. ಡಾಗ್ ಎಂಬ ಒಳ್ಳೆಯ ಹೆಸರಿದೆ, ಹಗಲು ಎಂದು ಅರ್ಥ ಎಂದೆ. ಅವರು ನನ್ನನ್ನೇ ಒಂದು ಕ್ಷಣ ದಿಟ್ಟಿಸಿ, "ಮೇಡಂ, ತೋಟದಲ್ಲಿ ಎರಡು ಇದಾವೆ, ಸಾಕು" ಎಂದು ಜೀಪು ಹತ್ತಿದರು. ಣ ಅಕ್ಷರದವರು ಬಂದಾಗ ಮಾತ್ರ ಸ್ವೀಡನ್ನೂ ಕೈಯೆತ್ತಿತು. ನಮ್ಮವರಿಗೆ ಇದೆಲ್ಲ ಬಹಳ ತಮಾಷೆ. "ನೋಡೇ, ನಿನ್ನ ಪಿಎಚ್.ಡಿ.ಗೆ ಕೊನೆಗೂ ಒಂದು ಉಪಯೋಗ ಆಯ್ತು" ಎಂದರು. ನಾನು ನಕ್ಕೆ. ಆಮೇಲೆ ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಜೋಡಿಸಿದೆ.

ಹೀಗಿರುವಾಗ ಕಂಪನಿ ಹೊಸ ಪ್ರಯೋಗಾಲಯ ಕಟ್ಟಿಸಿತು. ಗಾಜಿನ ಗೋಡೆ, ಎ.ಸಿ., ಮೊಸರನ್ನಕ್ಕೆ ಬೇರೆ ಫ್ರಿಜ್. ನನ್ನ ಯೀಸ್ಟಿನ ಪುಡಿಯನ್ನು ಪೊಟ್ಟಣ ಕಟ್ಟಿ ಮಾರುವುದೆಂದೂ, ಹೊಸ ಮುಖ್ಯಸ್ಥರನ್ನು ಸದ್ಯದಲ್ಲೇ ಘೋಷಿಸುವುದೆಂದೂ ಸುದ್ದಿಯಾಯಿತು. ಶಿವಲಿಂಗಪ್ಪನವರು ನನ್ನನ್ನು ಬಂಗಲೆಗೆ ಬರಹೇಳಿದರು. ನಾನು ಇಸ್ತ್ರಿ ಮಾಡಿದ ಸೀರೆಯುಟ್ಟು, ವರ್ಷಗಳ ಪ್ರಯೋಗದ ಚಿತ್ರಗಳನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಜೋಡಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ, ಕೃತಜ್ಞತೆಯ ಎರಡು ಮಾತು ಹೇಗೆ ಆಡಬೇಕೆಂದು ತುಟಿಯಲ್ಲೇ ಅಭ್ಯಾಸ ಮಾಡಿದೆ. ಶಿವಲಿಂಗಪ್ಪನವರು ವಿಭೂತಿ ಹಚ್ಚಿಕೊಂಡು ಪ್ರಸನ್ನರಾಗಿ ಕೂತಿದ್ದರು. ಲ್ಯಾಪ್‌ಟಾಪ್ ತೆರೆಯಲು ಹೋದರೆ, "ಅದೆಲ್ಲ ಇರ್ಲಿ ಮೇಡಂ, ನಿಮ್ಮ ಕೆಲ್ಸದ ಮೇಲೆ ನಮಗೆ ನಂಬ್ಕೆ ಐತೆ" ಎಂದರು. ಅಭ್ಯಾಸ ಮಾಡಿಕೊಂಡು ಬಂದಿದ್ದ ಎರಡು ಮಾತಿಗೆ ನಾನು ಬಾಯಿ ತೆರೆದೆ. "ಪುಡಿಗೆ ಒಂದು ಹೆಸ್ರು ಬೇಕಾಗಿತ್ತು. ಅಯ್ನೋರ್ನ ಕೇಳಿದ್ದಕ್ಕೆ ಲಿ ಅಕ್ಷರ ಆಗ್ಬರ್ತದೆ ಅಂದ್ರು. ಲಿ ಅಂದ ತಕ್ಷಣ ನಿಮ್ದೇ ಗ್ಯಾಪ್ನ ಬಂತು ಕಣ್ರೀ."

ಬೇರೆ ಯಾವುದಾದರೂ ಹೆಸರು ಕೊಟ್ಟುಬಿಡಬಹುದಿತ್ತು. ಆದರೆ ಅದಕ್ಕೆ ಹೆಸರು ಆಗಲೇ ಇತ್ತಲ್ಲ, ಅದೂ ಲಿ ಅಕ್ಷರದಲ್ಲೇ. ಮಗುವಿನ ಹೆಸರು ಕೇಳಿದಾಗ ತಾಯಿ ಬೇರೆ ಹೆಸರು ಹೇಳುತ್ತಾಳೆಯೇ? "ಲೀವ್" ಎಂದೆ. "ಜೀವ ಎಂದು ಅರ್ಥ." ಅವರು ಗಲ್ಲ ಸವರಿಕೊಂಡು, "ಲೀವ್ ಅಂದ್ರೆ ರಜಾ ಅಲ್ವಾ?" ಎಂದರು. ಪಕ್ಕದಲ್ಲಿ ಮೊಬೈಲ್ ನೋಡುತ್ತ ಕೂತಿದ್ದ ಅವರ ಅಳಿಯ ಕಿರಣ್ ತಲೆಯೆತ್ತಿ, "ಸೂಪರ್ ಆಂಟಿ! ಇಂಟರ್‌ನ್ಯಾಷನಲ್ ಆಗಿದೆ" ಎಂದ. ಆತ ವ್ಯಾಪಾರ ನಿರ್ವಹಣೆಯಲ್ಲಿ ಓದಿದವನು, ಯೀಸ್ಟನ್ನು ಬೇಕರಿಯ ಬ್ರೆಡ್ಡಿನಲ್ಲಿ ಮಾತ್ರ ಕಂಡವನು. ನನ್ನನ್ನು ಆಂಟಿ ಎಂದಾಗಲೇ ನನಗೆ ತಿಳಿಯಬೇಕಿತ್ತು. ಮುಖ್ಯಸ್ಥೆಯಾಗುವವಳನ್ನು ಯಾರೂ ಆಂಟಿ ಎನ್ನುವುದಿಲ್ಲ.

ಉದ್ಘಾಟನೆಯ ದಿನ ಶಾಮಿಯಾನದಲ್ಲಿ ಬೆಳೆಗಾರರು ತುಂಬಿದ್ದರು. ಹೊಸ ಪ್ರಯೋಗಾಲಯದ ಮುಖ್ಯಸ್ಥರಾಗಿ ಕಿರಣ್ ಅವರನ್ನು ಘೋಷಿಸಿದರು. ಹಸಿರು ಪೊಟ್ಟಣದ ಮೇಲೆ ಬಂಗಾರದ ಅಕ್ಷರದಲ್ಲಿ ಲೀವ್, ಅದರ ಕೆಳಗೆ ಕಿರಣನ ನಗುಮುಖ, ಅದರ ಕೆಳಗೆ 'ನಮ್ಮ ತಂಡದ ಆವಿಷ್ಕಾರ'. ಆಮೇಲೆ ನಿರೂಪಕಿ, "ಈ ಸುಂದರ ಹೆಸರನ್ನು ಸೂಚಿಸಿದ ಡಾಕ್ಟರ್ ಸಾಕಮ್ಮ ಮೇಡಂ ಅವರು ವೇದಿಕೆಗೆ ಬರಬೇಕು" ಎಂದಳು. ಕಾಲು ತಾನಾಗಿ ಹೋಯಿತು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಜನ ನಿಜಕ್ಕೂ ಜೋರಾಗಿ ಚಪ್ಪಾಳೆ ತಟ್ಟಿದರು, ಏಕೆಂದರೆ ಅವರಲ್ಲಿ ಅನೇಕರ ಮೊಮ್ಮಕ್ಕಳಿಗೆ ನಾನೇ ಹೆಸರಿಟ್ಟಿದ್ದೆ. ವೇದಿಕೆ ಇಳಿದ ಮೇಲೆ ಶಿವಲಿಂಗಪ್ಪನವರನ್ನು ತಡೆದು ಕೇಳಿಯೇ ಬಿಟ್ಟೆ. "ಸಾರ್, ಕಂಡುಹಿಡಿದದ್ದು ನಾನು. ಪೊಟ್ಟಣದ ಮೇಲೆ ಎಲ್ಲಾದರೂ ಒಂದು ಮೂಲೆಯಲ್ಲಿ ನನ್ನ ಹೆಸರು ಇರಬೇಕಿತ್ತು." ಅವರು ಕೆಟ್ಟ ಮನುಷ್ಯರಲ್ಲ. ಕೋಪ ಮಾಡಿಕೊಳ್ಳಲಿಲ್ಲ. ನನ್ನ ಕಡೆ ಬಾಗಿ, ಮಗುವಿಗೆ ಬುದ್ಧಿ ಹೇಳುವಂತೆ ಮೆಲ್ಲಗೆ ಹೇಳಿದರು: "ಹಾಕಾನ ಅಂತಲೇ ಇದ್ವಿ ಮೇಡಂ. ಆದ್ರೆ ಮಾರೋ ಸಾಮಾನಿನ ಮೇಲೆ ಸಾಕಮ್ಮ ಅಂತ ಇದ್ರೆ ಹೆಂಗೆ ಹೇಳಿ? ಗಿರಾಕಿ ಓದ್ಬುಟ್ಟು ಸಾಕು ಅಂದ್ಬುಟ್ರೆ?"

ಬಾಗಿಲಲ್ಲಿ ನಿಂತಿದ್ದ ನಮ್ಮಜ್ಜಿ ಇಷ್ಟು ವರ್ಷ ಕಾದು, ಶಾಮಿಯಾನದೊಳಕ್ಕೂ ಬಂದಿದ್ದಳು. ನನಗೆ ಸಿಟ್ಟು ಬಂತು, ಅಳುವೂ ಬಂತು. ಎರಡನ್ನೂ ಹಣ್ಣಿನ ಬುಟ್ಟಿಯ ಮೇಲೆ ಇಟ್ಟುಕೊಂಡು ಬಸ್ಸು ಹತ್ತಿದೆ. ಮಾರನೆಯ ದಿನ ಕೆಲಸಕ್ಕೆ ಹೋಗಲಿಲ್ಲ, ಅದರ ಮಾರನೆಯ ದಿನವೂ ಹೋಗಲಿಲ್ಲ. ಅಂಗಳದಲ್ಲಿ ಕೂತಿದ್ದರೆ ರಸ್ತೆಯಲ್ಲಿ ಇಬ್ಬರು ಬೆಳೆಗಾರರು ಮಾತಾಡಿಕೊಂಡು ಹೋಗುತ್ತಿದ್ದರು.

"ಏನ್ ಮಾರಾಯ, ಲೀವ್ ಹಾಕ್ದಾ?"

"ಹಾಕ್ದೆ ಕಣೋ, ನೆನ್ನೆ ಸಂಜೆ ತೊಟ್ಟಿಗೆ. ಬೆಳಿಗ್ಗೆ ಹೊತ್ಗೆ ಲೋಳೆಯೆಲ್ಲ ಬುಟ್ಕಂಡೈತೆ. ಭಾರಿ ಮಾಲು!"

ನಾನೂ ಲೀವ್ ಹಾಕಿದ್ದೇನೆ ಎಂದು ಕೂಗಿ ಹೇಳೋಣವೆನ್ನಿಸಿತು. ಅವರು ತೊಟ್ಟಿಗೆ ಹಾಕಿದ್ದರು, ನಾನು ಆಫೀಸಿಗೆ ಹಾಕಿದ್ದೆ. ಕೆಲಸ ಮಾಡಿದ್ದು ಮಾತ್ರ ಅವರದು. ಅದು ಚೆನ್ನಾಗಿ ಕೆಲಸ ಮಾಡಿತು ಎಂದು ಕೇಳಿದಾಗ ಹೊಟ್ಟೆಯೊಳಗೆ ಏನೋ ತಂಪಾದದ್ದು ಸುಳ್ಳಲ್ಲ. ಇಂಥ ತಂಪಿಗಾಗಿಯೇ ನಮ್ಮಂಥವರನ್ನು ಪ್ರಭಾರಿಯಾಗಿ ಇಟ್ಟುಕೊಳ್ಳುತ್ತಾರೆ.

ಅದೇ ಸಂಜೆ ಡೀಸಾ ವಿಡಿಯೋ ಕರೆ ಮಾಡಿದಳು. ವರ್ಷಕ್ಕೊಮ್ಮೆ ಮಾಡುತ್ತಾಳೆ. ಈಗ ಅವಳು ಅಜ್ಜಿ, ಅವಳ ಮಗಳು ಲೀವ್‌ಗೆ ಮೊದಲ ಮಗು, ಹೆಣ್ಣು. ನಾನು ಕೆಲಸದ ಸುದ್ದಿ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ, "ನಿನಗೊಂದು ಆಶ್ಚರ್ಯ ಇದೆ" ಎಂದಳು. ಮನೆಯವರೆಲ್ಲ ಸೇರಿ ಮಗುವಿಗೆ ಹೆಸರು ಹುಡುಕುತ್ತಿದ್ದರಂತೆ. ತಾವು ಕೇಳಿದ ಹೆಸರುಗಳಲ್ಲೆಲ್ಲ ಅತಿ ಚೆಂದದ ಅರ್ಥ ಇರುವುದು ಯಾವುದೆಂದು ಯೋಚಿಸಿದಾಗ ಅವಳಿಗೆ ನಾನು ಕಾಫಿ ಹೊತ್ತಿನಲ್ಲಿ ಹೇಳಿದ್ದು ನೆನಪಾಯಿತಂತೆ. ಪೊರೆಯುವವಳು, ಬೆಳೆಸುವವಳು. ಲೀವ್ ಕೇಳಿದೊಡನೆ ಒಪ್ಪಿದಳಂತೆ. ಡೀಸಾ ಮಗುವನ್ನು ಎತ್ತಿ ಪರದೆಯ ಮುಂದೆ ಹಿಡಿದಳು. ಬೆಣ್ಣೆಯ ಬಣ್ಣದ ಕೂದಲು, ಹಲ್ಲಿಲ್ಲದ ಬಾಯಿ. ಅಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟುತ್ತ ಅದನ್ನು ನಗಿಸಲು ಒಟ್ಟಿಗೆ ಕರೆಯತೊಡಗಿದರು. "ಸಾಕೂ! ಸಾಕೂ!"

ನಾನು ಏನು ಹೇಳಲಿ? ನಿಜ ಹೇಳಿದರೆ ಒಂದು ಕೂಸಿನ ಹೆಸರು ಕೆಡುತ್ತದೆ. ಭೂಮಿಯ ಆ ತುದಿಯಲ್ಲಿ, ಮೊದಲನೆಯ ಹೆಣ್ಣುಮಗುವಿಗೆ, ಬೇಕು ಬೇಕೆಂದು ಕೇಳಿ ಸಾಕು ಎಂದು ಹೆಸರಿಟ್ಟುಕೊಂಡಿದ್ದಾರೆ. ನನ್ನ ಹೆಸರು ಪೊಟ್ಟಣದ ಮೂಲೆಗೂ ಆಗಲಿಲ್ಲ, ಅಲ್ಲಿ ತೊಟ್ಟಿಲಿಗೆ ಆಗಿದೆ. ನಾನು ಸುಮ್ಮನೆ ಕೈ ಬೀಸುತ್ತ, ಮೂಗು ಒರೆಸಿಕೊಳ್ಳುತ್ತ, ಅವರ ಜೊತೆ ನಾನೂ ಕರೆಯತೊಡಗಿದೆ. ಹುಟ್ಟಿದಂದಿನಿಂದ ಆ ಶಬ್ದವನ್ನು ನಾನು ಅಷ್ಟು ಪ್ರೀತಿಯಿಂದ ಬಾಯಿ ಬಿಟ್ಟು ಹೇಳಿರಲಿಲ್ಲ.

ಜಗಲಿಯಲ್ಲಿ ಪೇಪರ್ ಓದುತ್ತಿದ್ದ ನಮ್ಮವರು ಅಲ್ಲಿಂದಲೇ ಕೂಗಿದರು. "ಏನೇ ಅದು, ಅಷ್ಟು ಜನ ಸೇರ್ಕೊಂಡು ಸಾಕು ಸಾಕು ಅಂತಾವ್ರೆ? ಏನು ಸಾಕಂತೆ ಅವ್ರಿಗೆ?"

"ಅಲ್ಲಿ ಅದಕ್ಕೆ ಅರ್ಥ ಬೇರೆ ರೀ" ಎಂದೆ.